ಒಸಡಿನ ಮಡಿಕೆಯ ಕೆಳಗೆ ತೊಳೆಯದೆ ಕಳುಹಿಸಿದ ರೋಗಿ

ಸಂಜೆಯ ಕೊನೆಯ ಅಪಾಯಿಂಟ್‌ಮೆಂಟಿಗೆ ಬಂದ ಆ ಯುವಕನ ಕೆಳದವಡೆಯ ಬುದ್ಧಿಹಲ್ಲು ಅರ್ಧ ಮಾತ್ರ ಮೂಡಿತ್ತು. ಉಳಿದರ್ಧವನ್ನು ಮುಚ್ಚಿದ್ದ ಒಸಡಿನ ಮಡಿಕೆ ಕೆಂಪಗೆ ಊದಿಕೊಂಡಿತ್ತು. ಪೆರಿಕೊರೊನೈಟಿಸ್ (ಅರ್ಧ ಮೂಡಿದ ಹಲ್ಲಿನ ಸುತ್ತಲ ಒಸಡಿನ ಉರಿಯೂತ) ಎಂದು ಬರೆದುಕೊಂಡೆ. ರೋಗನಿರ್ಣಯ ಸರಿಯಾಗಿಯೇ ಇತ್ತು. ಒಬ್ಬ ರೋಗಿಗೆ 15 ನಿಮಿಷ ಎಂಬ ಆಡಳಿತದವರ ವೇಳಾಪಟ್ಟಿಯಲ್ಲಿ ಸಮಯ ಮೀರಿದ್ದರಿಂದ, ಇರಿಗೇಶನ್, ಅಂದರೆ ಮಡಿಕೆಯ ಕೆಳಗೆ ದ್ರವ ಹಾಯಿಸಿ ತೊಳೆಯುವುದನ್ನು, ಮಾಡದೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮತ್ತು ನೋವಿನ ಮಾತ್ರೆ ಬರೆದು ಕಳುಹಿಸಿದೆ.

ಮೂರನೆಯ ದಿನ ಅವನು ಮರಳಿ ಬಂದಾಗ ಜ್ವರವಿತ್ತು. ಬಾಯಿ ತೆರೆಯಲು ಹೇಳಿ ಮುಂಭಾಗದ ಹಲ್ಲುಗಳ ನಡುವೆ ಸ್ಕೇಲ್ ಹಿಡಿದರೆ ಕೇವಲ 18 ಮಿಲಿಮೀಟರ್. “ಡಾಕ್ಟ್ರೇ, ಎಂಜಲು ನುಂಗಿದರೂ ನೋವು” ಎಂದು ಹಲ್ಲುಗಳ ಸಂದಿಯಿಂದಲೇ ಹೇಳಿದ. ಸೋಂಕು ನಾಲಿಗೆಯ ಅಡಿಗೆ ಇಳಿದು ಕತ್ತಿನತ್ತ ಹರಡಿದರೆ ಉಸಿರಾಟದ ದಾರಿಯೇ ಮುಚ್ಚಬಹುದು ಎಂಬುದನ್ನು ಓದಿ ಬಲ್ಲ ನಾನು, ಆ ಕಿರಿದಾದ ಸಂದಿಯಲ್ಲಿ ಬೆರಳು ತೂರಿಸಿ ಬಾಯಿಯ ತಳವನ್ನು ಮುಟ್ಟುವವರೆಗೆ ಸರಿಯಾಗಿ ಉಸಿರಾಡಲಿಲ್ಲ. ತಳ ಮೆತ್ತಗಿತ್ತು, ಸೋಂಕು ಅಲ್ಲಿಗೆ ಇಳಿದಂತಿರಲಿಲ್ಲ. ದನಿ ಬದಲಾಗಿರಲಿಲ್ಲ, ಕೊಟ್ಟ ನೀರನ್ನು ನಿಧಾನವಾಗಿಯಾದರೂ ನುಂಗಿದ. ಆದರೂ ಸರ್ಜನ್‌ಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿ, ಅವರ ಒಪ್ಪಿಗೆಯ ನಂತರವೇ ಕೆಲಸಕ್ಕೆ ಕೈ ಹಾಕಿದೆ.

ಮೊಂಡು ಸೂಜಿಯಿಂದ ಮಡಿಕೆಯ ಕೆಳಗೆ ಬೆಚ್ಚಗಿನ ಸಲೈನ್ ಹಾಯಿಸಿದೊಡನೆ ಕೊಳೆತ ಆಹಾರದ ಚೂರುಗಳೂ ಕೀವೂ ಹೊರಬಂದವು. ಬ್ರಷ್ ತಲುಪದ ಆ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ಯಾವ ಮಾತ್ರೆಯೂ ತೆಗೆಯಲಾರದು. ಮೊದಲ ದಿನ ಜ್ವರವಾಗಲಿ ಟ್ರಿಸ್ಮಸ್ (ಬಾಯಿ ಪೂರ್ತಿ ತೆರೆಯಲಾಗದ ಬಿಗಿತ) ಆಗಲಿ ಇಲ್ಲದಿದ್ದಾಗ ಅವನಿಗೆ ಬೇಕಿದ್ದದ್ದು ಇದೇ ತೊಳೆತ ಮತ್ತು ಮನೆಯಲ್ಲಿ ಉಪ್ಪುನೀರಿನ ಮುಕ್ಕಳಿಕೆ; ನಾನು ಕೊಟ್ಟದ್ದು ಆಂಟಿಬಯೋಟಿಕ್. ಅದು ನಿಜವಾಗಿ ಬೇಕಾದದ್ದು ಈಗ, ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯೋಟಿಕ್ ಸೇರಿಸಿ.

ಹಲ್ಲು ಕಚ್ಚಿಸಿ ನೋಡಿದಾಗ ಇನ್ನೊಂದು ತಪ್ಪು ಕಂಡಿತು. ಮೇಲಿನ ಬುದ್ಧಿಹಲ್ಲಿನ ತುದಿ ಊದಿದ ಮಡಿಕೆಯ ಮೇಲೆಯೇ ಕೂರುತ್ತಿತ್ತು, ಪ್ರತಿ ತುತ್ತಿಗೂ ಅದನ್ನು ಜಜ್ಜುತ್ತಿತ್ತು. ಮೊದಲ ದಿನ ಅರ್ಧ ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿಯಿದು. ಆ ತುದಿಯನ್ನು ಈ ಭೇಟಿಯಲ್ಲೇ ಉಜ್ಜಿ ತಗ್ಗಿಸಿದೆ. ಮರುದಿನವೂ ಕರೆಸಿ ತೊಳೆದೆ. ಬಾಯಿ ಪೂರ್ತಿ ತೆರೆದ ಮೇಲೆ, ಓಪಿಜಿಯಲ್ಲಿ (ಇಡೀ ದವಡೆಯ ಎಕ್ಸ್‌ರೇ) ಬೇರು ನರದಿಂದ ದೂರವಿರುವುದನ್ನು ಖಚಿತಪಡಿಸಿಕೊಂಡು, ಮೂಡಲು ಜಾಗವೇ ಇಲ್ಲದ ಆ ಹಲ್ಲನ್ನು ಸರ್ಜನ್ ಕಿತ್ತರು. ಮಡಿಕೆಯನ್ನಷ್ಟೇ ಕತ್ತರಿಸಿದ್ದರೆ ಅದು ಮತ್ತೆ ಬೆಳೆಯುವ ಸಾಧ್ಯತೆಯಿತ್ತು.

ಇಂಥ ರೋಗಿಗಳಿಗೆ 30 ನಿಮಿಷ ಕೊಡಬೇಕೆಂಬ ನನ್ನ ಮನವಿಗೆ ಆಡಳಿತದಿಂದ ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಮುಂದಿನ ರೋಗಿಯನ್ನು ಕಾಯಿಸುತ್ತೇನೆ, ಮಡಿಕೆಯ ಕೆಳಗೆ ತೊಳೆದೇ ಕಳುಹಿಸುತ್ತೇನೆ.