ಮಕ್ಕಳ ಸಂತೆಗೆ ನೂರು ತುಂಡು ಕೇಕ್

ನವೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಸುಗ್ಗಿ. ತೀರ್ಥಹಳ್ಳಿ ಸುತ್ತಮುತ್ತ ಯಾರ ಮನೆಗೆ ಹೋದರೂ ಕೊನೆ, ಅಂದರೆ ಅಡಿಕೆ ಗೊಂಚಲಿನ ರಾಶಿ ಬಿದ್ದಿರುತ್ತದೆ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವವರು ಕೂತಿರುತ್ತಾರೆ. ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಸುಲಿದದ್ದನ್ನು ಚೊಗರಿನಲ್ಲಿ, ಅಂದರೆ ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಿ ಒಣಗಲು ಹಾಕಬೇಕು. ತಡ ಮಾಡಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಸಿಗುವುದಿಲ್ಲ. ಹಾಗಾಗಿ ಈ ತಿಂಗಳಲ್ಲಿ ರಾತ್ರಿ ಹತ್ತಾದರೂ ಯಾರೂ ಮಲಗುವುದಿಲ್ಲ.

ಮಕ್ಕಳ ದಿನಾಚರಣೆಯೂ ಇದೇ ಸುಗ್ಗಿಯ ನಡುವೆ ಬರುತ್ತದೆ, ನವೆಂಬರ್ 14ಕ್ಕೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಆ ದಿನ ಮಕ್ಕಳ ಸಂತೆ ಇಟ್ಟುಕೊಂಡಿದ್ದರು. ನೋಡದವರಿಗೆ ಹೇಳುತ್ತೇನೆ: ಮಕ್ಕಳೇ ಅಂಗಡಿ ಹಾಕುತ್ತಾರೆ. ಮನೆಯಲ್ಲಿ ಬೆಳೆದ ಬಸಳೆ, ನಿಂಬೆಹಣ್ಣು, ಬಾಳೆಗೊನೆ, ಚಕ್ಕುಲಿ, ಮಜ್ಜಿಗೆ, ಏನು ಬೇಕಾದರೂ ತರಬಹುದು. ತಕ್ಕಡಿ ಹಿಡಿದು ತೂಗುತ್ತಾರೆ, ನಿಜವಾದ ದುಡ್ಡು ತೆಗೆದುಕೊಂಡು ನಿಜವಾದ ಚಿಲ್ಲರೆ ಕೊಡುತ್ತಾರೆ. ಕೊಂಡ ಬೆಲೆ, ಮಾರಿದ ಬೆಲೆ, ಲಾಭ, ನಷ್ಟ ಅಂತ ಪುಸ್ತಕದಲ್ಲಿ ಓದಿದ್ದನ್ನು ಒಂದು ದಿನ ಕೈಯಲ್ಲೇ ಮಾಡಿ ನೋಡುತ್ತಾರೆ. ಲೆಕ್ಕ ಅಂದರೆ ಅಳುವ ಹುಡುಗ ಸಹ ಅವತ್ತು ಇಪ್ಪತ್ತರ ನೋಟಿಗೆ ಸರಿಯಾಗಿ ಚಿಲ್ಲರೆ ಕೊಡುತ್ತಾನೆ. ನನಗೆ ಈ ಸಂತೆ ತುಂಬಾ ಇಷ್ಟ. ಅದಕ್ಕೇ ಮೇಡಂ ಫೋನ್ ಮಾಡಿ ಕೇಳಿದಾಗ ಖುಷಿಯಿಂದಲೇ ಒಪ್ಪಿದೆ.

"ಅಕ್ಕ, ನಿಮ್ಮ ಮಗಳು ಕೇಕ್ ಅಂಗಡಿ ಇಡ್ತಾಳಂತೆ. ಒಂದು ನಲವತ್ತು ಪೀಸ್ ಮಾಡಿಕೊಡ್ತೀರಾ?"

ನಲವತ್ತು ದೊಡ್ಡ ವಿಷಯ ಅಲ್ಲ. ಆದರೆ ಮರುದಿನ ಅದು ಅರವತ್ತಾಯಿತು, ಯಾಕಂದರೆ ಅಂಗನವಾಡಿ ಮಕ್ಕಳೂ ಬರುತ್ತಾರಂತೆ. ಆಮೇಲೆ ಯಾರೋ ಅತಿಥಿಗಳು ಬರುತ್ತಾರೆ ಅಂತ ನೂರಾಯಿತು. ಅಡಿಕೆ ಕೆಲಸ ಇದೆ ಮೇಡಂ, ಸ್ವಲ್ಪ ಕಷ್ಟ ಅಂದೆ. "ಹೇಗೂ ನೀವು ಮನೇಲೇ ಇರ್ತೀರಲ್ಲ ಅಕ್ಕ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ನನಗೆ ಗೊತ್ತು. ಮೂರು ತರಗತಿಗೆ ಒಬ್ಬರೇ ಪಾಠ ಮಾಡಿ, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಹೆಣ್ಣುಮಗಳು ಅವರು. ಆದರೂ ಆ ಮಾತು ಮನಸ್ಸಿಗೆ ನಾಟಿತು. ಮನೆಯಲ್ಲಿ ಇರುವವಳ ಹೊತ್ತಿಗೆ ಬೆಲೆಯೇ ಇಲ್ವಾ?

ಇರಲಿ. ತೀರ್ಥಹಳ್ಳಿಗೆ ಹೋಗಿ ಮೈದಾ, ಎಣ್ಣೆ, ಸಕ್ಕರೆ, ಬೇಕಿಂಗ್ ಪೌಡರ್, ಪೇಪರ್ ತಟ್ಟೆ, ಮೊಟ್ಟೆ ತಂದೆ. ಹಿಂದಿನ ದಿನ ಸಂಜೆ, ಮೊಟ್ಟೆ ಒಡೆಯಲು ಪಾತ್ರೆ ತೆಗೆಯುವ ಹೊತ್ತಿಗೆ, ಶಾಲೆಯ ಗ್ರೂಪಿನಲ್ಲಿ ಮೆಸೇಜ್ ಬಂತು. ಕೆಲವು ಮಕ್ಕಳು ಮೊಟ್ಟೆ ತಿನ್ನುವುದಿಲ್ಲ, ಮೊಟ್ಟೆ ಹಾಕದ ಕೇಕೇ ಬೇಕು ಅಂತ. ತಿನ್ನದ ಮಕ್ಕಳ ಮನೆಯವರಿಗೆ ಬೇಜಾರಾಗಬಾರದು, ಅದು ಸರಿಯೇ. ಆದರೆ ಬಿಸಿಯೂಟದಲ್ಲಿ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ಶಾಲೆಗೆ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ದಿನವೇ ಒಂದು ಮಾತು ಹೇಳಬಹುದಿತ್ತಲ್ಲ? ಮೊಟ್ಟೆ ಹಾಕುವ ಕೇಕಿಗೂ ಹಾಕದ ಕೇಕಿಗೂ ಅಳತೆಯೇ ಬೇರೆ.

ಮನೆಯಲ್ಲಿ ಪುಟ್ಟಬಾಳೆ ಗೊನೆ ಹಣ್ಣಾಗಿತ್ತು, ಮಂಗಗಳ ಕೈಗೆ ಸಿಗದೆ ಉಳಿದ ಗೊನೆ. ಮೊಸರು ಇತ್ತು, ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಇತ್ತು. ಬಾಳೆಹಣ್ಣಿನ ಕೇಕ್ ಮಾಡುವುದು ಅಂತ ತೀರ್ಮಾನಿಸಿದೆ. ಹಣ್ಣು ಕಿವುಚಲು ಕೂತಾಗ ನನ್ನ ಕೈ ನೋಡಿಕೊಂಡೆ. ಅಡಿಕೆ ಸುಲಿದ ಕಲೆಯಿಂದ ಬೆರಳ ತುದಿ, ಉಗುರಿನ ಸಂದಿ ಎಲ್ಲ ಕಪ್ಪು. ಎಷ್ಟು ತಿಕ್ಕಿದರೂ ಆ ಕಲೆ ಹೋಗುವುದಿಲ್ಲ, ಚರ್ಮ ಸುಲಿದು ಹೊಸದು ಬರಬೇಕು. ಇದೇ ಕೈಯಲ್ಲಿ ನಾಳೆ ಕೇಕ್ ಕೊಟ್ಟರೆ ಯಾರಾದರೂ ಏನಾದರೂ ಅಂದುಕೊಳ್ಳಬಹುದು ಅನಿಸಿತು. ಆಮೇಲೆ, ನಮ್ಮೂರಲ್ಲಿ ಈ ತಿಂಗಳು ಬೆಳ್ಳಗಿನ ಕೈ ಯಾರದ್ದಿದೆ ಅಂದುಕೊಂಡು ಕೆಲಸ ಮುಂದುವರಿಸಿದೆ.

ನಮ್ಮದು ಸಣ್ಣ ಓವನ್. ಒಂದು ಸಲಕ್ಕೆ ಒಂದೇ ಟಿನ್ ಹಿಡಿಯುತ್ತದೆ. 180 ಡಿಗ್ರಿಯಲ್ಲಿ ಒಂದು ಟಿನ್ ಬೇಯಲು ಮುಕ್ಕಾಲು ಗಂಟೆ ಹತ್ತಿರ ಬೇಕು, ಬಾಳೆಹಣ್ಣು ಹಾಕಿದ್ದು ಸ್ವಲ್ಪ ನಿಧಾನವೇ. ಬಟರ್ ಪೇಪರ್ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ. ಬಾಳೆ ಎಲೆಯನ್ನು ಬೆಂಕಿಯಲ್ಲಿ ಬಾಡಿಸಿ ಟಿನ್ನಿನ ತಳಕ್ಕೆ ಹಾಸಿದೆ. ಇದು ಪೇಪರಿಗಿಂತ ಒಳ್ಳೆಯದು ಅಂತ ಧೈರ್ಯವಾಗಿ ಹೇಳುತ್ತೇನೆ. ತಳ ಹಿಡಿಯುವುದಿಲ್ಲ, ಒಂದು ಪರಿಮಳವೂ ಬರುತ್ತದೆ.

ಮೊದಲ ಟಿನ್ ಹೊರಗೆ ಬಂತು. ಎರಡನೆಯದಕ್ಕೆ ಹಿಟ್ಟು ಕಲಸಿ ಟಿನ್ನಿಗೆ ಸುರಿದು ಓವನ್ ಬಾಗಿಲು ಹಾಕಿದ್ದಷ್ಟೇ, ಕರೆಂಟ್ ಹೋಯಿತು.

ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಹುಡುಕಿ ಸರಿ ಮಾಡುವವರು ಕಾಡೊಳಗೇ ನಡೆದು ಹೋಗಬೇಕು. ಇನ್ವರ್ಟರ್ ಇದೆ, ಆದರೆ ಅದು ಲೈಟು ಫ್ಯಾನಿಗೆ. ಓವನ್ ಎಳೆಯುವಷ್ಟು ಶಕ್ತಿ ಅದಕ್ಕಿಲ್ಲ. ಸಮಸ್ಯೆ ಇರುವುದು ಹಿಟ್ಟಿನಲ್ಲಿ. ಮೊಸರಿನ ಹುಳಿ ಅಡುಗೆ ಸೋಡಕ್ಕೆ ತಾಗಿದ ಕೂಡಲೇ ಗುಳ್ಳೆ ಏಳುತ್ತದೆ. ಕೇಕ್ ಉಬ್ಬುವುದೇ ಆ ಗುಳ್ಳೆಯಿಂದ. ಬಿಸಿ ತಾಗಿ ಹಿಟ್ಟು ಗಟ್ಟಿಯಾಗುವವರೆಗೆ ಗುಳ್ಳೆ ಒಳಗೇ ಉಳಿಯಬೇಕು. ಹಿಟ್ಟು ಸುಮ್ನೆ ಕೂತರೆ ಗುಳ್ಳೆ ಒಡೆದು ಗಾಳಿ ಹೋಗುತ್ತದೆ, ಕೇಕ್ ರೊಟ್ಟಿಯಾಗುತ್ತದೆ. ಅದಕ್ಕೇ ನಾನು ಒಣ ಹಿಟ್ಟು ಬೇರೆ, ಮೊಸರು, ಹಣ್ಣು, ಬೆಲ್ಲ ಬೇರೆ ಇಟ್ಟುಕೊಂಡು ಒಂದೊಂದು ಟಿನ್ನಿಗೆ ಬೇಕಾದಷ್ಟೇ ಕಲಸುತ್ತಿದ್ದೆ. ಹಾಗಾಗಿ ಅಪಾಯದಲ್ಲಿ ಇದ್ದದ್ದು ಒಂದೇ ಟಿನ್. ಆದರೂ ಉಳಿದದ್ದನ್ನು ಬೇಯಿಸುವುದು ಎಲ್ಲಿ?

ಅತ್ತೆ ಹೊರಗೆ ಅಡಿಕೆ ಬೇಯಿಸುವ ಒಲೆಯ ಹತ್ತಿರ ಇದ್ದರು. ಅಲ್ಲಿಂದಲೇ ಕೂಗಿದರು. "ಏನೇ, ಅಲ್ಲಿ ಕತ್ತಲಲ್ಲಿ ನಿಂತು ಏನ್ ಮಾಡ್ತೀಯ? ಇಲ್ಲಿ ತಗೊಂಡು ಬಾ. ಮೇಲೆ ಕೆಳಗೆ ಕೆಂಡ ಹಾಕಿದ್ರೆ ಯಾವುದು ಬೇಯಲ್ಲ?"

ದೊಡ್ಡ ಡಬರಿಯ ತಳಕ್ಕೆ ಮರಳು ಹಾಕಿ, ಮೇಲೆ ಸಿಂಬಿಯಂಥ ಕಬ್ಬಿಣದ ಬಳೆ ಇಟ್ಟು, ಅದರ ಮೇಲೆ ಟಿನ್ ಇಟ್ಟೆವು. ಮುಚ್ಚಳದ ಮೇಲೆ ಅತ್ತೆ ಸೌಟಿನಲ್ಲಿ ಕೆಂಡ ಹರಡಿದರು. ಕೆಳಗಿನ ಬೆಂಕಿಯನ್ನು ಎಳೆದು, ಬರೀ ಕೆಂಡ ಉಳಿಸಿದರು. ಥರ್ಮಾಮೀಟರ್ ಇಲ್ಲ, ಗಡಿಯಾರ ನೋಡಲಿಲ್ಲ. ಮುಚ್ಚಳದ ಹತ್ತಿರ ಅಂಗೈ ಹಿಡಿದು "ಜಾಸ್ತಿ ಆಯ್ತು" ಅಂತ ಎರಡು ಕೆಂಡ ತೆಗೆಯುವುದು, ಮತ್ತೆ ಒಂದು ಹಾಕುವುದು. ಸ್ವಲ್ಪ ಹೊತ್ತಿಗೆ ಬೆಲ್ಲ ಬೆಂದ ವಾಸನೆ ಬಂತು. ತೆಂಗಿನ ಹಿಡಿಕಡ್ಡಿ ಚುಚ್ಚಿ ನೋಡಿದೆ. ಕಡ್ಡಿ ಒಣಗಿಯೇ ಹೊರಗೆ ಬಂತು. ಅಂಚು ಒಂದು ಕಡೆ ಕಪ್ಪಾಗಿತ್ತು, ಅದನ್ನು ಕತ್ತರಿಸಿ ಸುಲಿಯುತ್ತಿದ್ದವರಿಗೆ ಕೊಟ್ಟೆವು. ಉಳಿದ ಟಿನ್ನುಗಳೂ ಅದೇ ಒಲೆಯಲ್ಲೇ ಬೆಂದವು. ಕೊನೆಯದು ಇಳಿಯುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು. ಆ ದಿನ ನಾನು ಸುಲಿಯಬೇಕಿದ್ದ ಅಡಿಕೆಯನ್ನು ಅತ್ತೆ ಮತ್ತು ಪಕ್ಕದ ಮನೆಯವರು ಸುಲಿದು ಮುಗಿಸಿದ್ದರು.

ಸಂತೆ ಚೆನ್ನಾಗಿಯೇ ಆಯಿತು. ಮಕ್ಕಳ ಹತ್ತಿರ ಇರುವುದೇ ಹತ್ತು ಇಪ್ಪತ್ತು ರೂಪಾಯಿ, ಅದಕ್ಕೆ ಯಾವ ತಿಂಡಿಗೂ ಐದು ರೂಪಾಯಿಗಿಂತ ಜಾಸ್ತಿ ಇಡಬಾರದು ಅಂತ ಅಲ್ಲಿ ಹೋದ ಮೇಲೆ ಹೇಳಿದರು. ನೂರೂ ತುಂಡು ಖಾಲಿಯಾಯಿತು. ಬಂದವರಲ್ಲಿ ಒಂದಿಬ್ಬರು "ಕ್ರೀಮ್ ಹಾಕಿಲ್ವಾ? ಬೇಕರಿದು ತರಿಸಿದ್ರೆ ಚೆನ್ನಾಗಿರ್ತಿತ್ತು" ಅಂದರು. ಅವರು ಏನೂ ತಂದಿರಲಿಲ್ಲ. ಕೂಲಿಗೆ ಹೋಗುವ ಮನೆಯವರು ತಮ್ಮ ಮಕ್ಕಳ ಕೈಯಲ್ಲಿ ನಾಲ್ಕು ನಿಂಬೆಹಣ್ಣು ಕಳಿಸಿದ್ದರು. ನನ್ನ ಲೆಕ್ಕದಲ್ಲಿ ಆ ನಾಲ್ಕು ನಿಂಬೆಹಣ್ಣು ದೊಡ್ಡದು.

ನನಗೆ ನಿಜವಾಗಿ ಬೇಜಾರಾದದ್ದು ಸಂಜೆ. ಮಗಳು ಲೆಕ್ಕದ ಪುಸ್ತಕ ತಂದು ತೋರಿಸಿದಳು. ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದಳು. ಮೈದಾ 100, ಎಣ್ಣೆ 150, ಸಕ್ಕರೆ 45, ಪೌಡರ್, ಸೋಡ 50, ತಟ್ಟೆ 35. ಒಟ್ಟು ಖರ್ಚು 380. ಮಾರಾಟ 500. ಲಾಭ 120. ಕೆಂಪು ಶಾಯಿಯಲ್ಲಿ ಸರಿ ಗುರುತು.

"ಬಾಳೆಹಣ್ಣು ಎಲ್ಲಿ?" ಅಂದೆ.

"ಅದು ಮನೇದಲ್ವಾ ಅಮ್ಮ, ಅದಕ್ಕೆ ದುಡ್ಡು ಕೊಟ್ಟಿಲ್ವಲ್ಲ."

ಅವಳ ತಪ್ಪಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದಷ್ಟೇ ಖರ್ಚು ಅಂತ ಅವಳಿಗೆ ಹೇಳಿಕೊಟ್ಟಿದ್ದಾರೆ. ಇಬ್ಬರೂ ಕೂತು ಕೆಳಗೆ ಮತ್ತೊಂದು ಪಟ್ಟಿ ಬರೆದೆವು. ಜೋನಿ ಬೆಲ್ಲ 100, ಮೊಸರು 80, ಬಾಳೆಹಣ್ಣು 80. ಖರ್ಚು 640ಕ್ಕೆ ಏರಿತು. ಲಾಭ ಹೋಗಿ 140 ರೂಪಾಯಿ ನಷ್ಟ ಆಯಿತು. ತಂದು ಹಾಕದೆ ಉಳಿದ ಮೊಟ್ಟೆಯನ್ನು ಸೇರಿಸಲಿಲ್ಲ, ಅದನ್ನು ಮನೆಯಲ್ಲೇ ತಿಂದೆವು.

ಆಮೇಲೆ ಕೂಲಿ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಯಾರು ಎಷ್ಟು ಸುಲಿದರು ಅಂತ ಮಗಳೇ ಬರೆದಿಡುತ್ತಾಳೆ. "ಇಲ್ಲಿ ಸುಲಿಯೋರಿಗೆ ಕೂಲಿ ಬರೀತೀಯಲ್ಲ, ಅಲ್ಲಿ ಅಜ್ಜಿ ಕೆಂಡದ ಮುಂದೆ ಕೂತಿದ್ದಕ್ಕೆ ಏನು ಬರೀತೀಯ?" ಅಂತ ಕೇಳಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ತುಂಬಾ ಹೊತ್ತು ಯೋಚಿಸಿದಳು. ಆಮೇಲೆ "ಅಮ್ಮನ ಕೂಲಿ, ಅಜ್ಜಿಯ ಕೂಲಿ" ಅಂತ ಎರಡು ಸಾಲು ಬರೆದು, ಮುಂದೆ ಜಾಗ ಬಿಟ್ಟಳು.

ದುಡ್ಡು ಬೇಕು ಅಂತ ನಾನು ಕೇಳುತ್ತಿಲ್ಲ. ಶಾಲೆಗೆ ಮಾಡಿಕೊಡುವುದು ಸಂತೋಷದ ಕೆಲಸ, ಮುಂದೆಯೂ ಮಾಡುತ್ತೇನೆ. ಆದರೆ ಲೆಕ್ಕ ಕಲಿಸಲು ಅಂತಲೇ ಇಟ್ಟ ಸಂತೆಯಲ್ಲಿ ಮನೆಯ ಹೆಂಗಸರ ದುಡಿಮೆಯನ್ನು ಸೊನ್ನೆ ಅಂತ ಬರೆಸಿದರೆ ಮಕ್ಕಳು ಅದನ್ನೇ ಕಲಿಯುತ್ತಾರೆ. ಹುಡುಗರು ಇನ್ನೂ ಬೇಗ ಕಲಿಯುತ್ತಾರೆ.

ಮರುದಿನ ಶಾಲೆಗೆ ಹೋಗಿ ಮೇಡಂ ಹತ್ತಿರ ಕೂತು ಮಾತಾಡಿದೆ. ಎಷ್ಟು ಬೇಕು, ಯಾರು ಏನು ತಿನ್ನುವುದಿಲ್ಲ, ಎಷ್ಟಕ್ಕೆ ಮಾರುವುದು ಅಂತ ಎರಡು ವಾರ ಮೊದಲೇ ಹೇಳಿ, ಆಮೇಲೆ ಬದಲಿಸಬೇಡಿ ಅಂದೆ. ಒಬ್ಬರ ಮೇಲೆ ನೂರು ಹಾಕುವ ಬದಲು ನಾಲ್ಕು ಮನೆಗೆ ಹಂಚಿ, ಅಪ್ಪಂದಿರ ಹೆಸರನ್ನೂ ಬರೆದುಕೊಳ್ಳಿ ಅಂದೆ. ಮತ್ತೆ, ಲೆಕ್ಕದ ಪುಸ್ತಕದಲ್ಲಿ ಮನೆಯ ಸಾಮಾನಿಗೆ, ಕೂಲಿಗೆ ಒಂದೊಂದು ಸಾಲು ಸೇರಿಸಿ ಅಂತ ಕೇಳಿಕೊಂಡೆ. ಮೊದಲಿನ ಎರಡಕ್ಕೆ ಮೇಡಂ ಅಲ್ಲೇ ಒಪ್ಪಿದರು. "ಪಾಪ, ನೀವು ಹಿಂದಿನ ರಾತ್ರಿ ಇಷ್ಟು ಕಷ್ಟ ಪಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ ಅಕ್ಕ" ಅಂದರು. ಮೂರನೆಯದನ್ನು ಬೇರೆ ಮೇಷ್ಟ್ರ ಹತ್ತಿರವೂ ಕೇಳಬೇಕಂತೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡೋಣ ಅಂದಿದ್ದಾರೆ. ಸಭೆ ಬರುವ ಶನಿವಾರ ಇದೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ.