ಮೂರನೇ ಗೇರಿನ ಗುಂಡಿ: ಹಳೆಯ ಎಫ್‌ಆರ್‌-ಎಸ್ ಕೂಪೆಯ ದಿನಚರಿ

ಮಾರ್ಚ್ 18, 2023. ಓಡೋಮೀಟರ್: 52,310 ಮೈಲಿ

ಕಾರು ಮನೆಗೆ ಬಂತು. 2013ರ ಸಯಾನ್ ಎಫ್‌ಆರ್‌-ಎಸ್, ಆರು ಗೇರಿನ ಮ್ಯಾನ್ಯುಯಲ್, ಕೆಂಪು ಬಣ್ಣ. ಟೊಯೋಟಾ 86, ಸುಬಾರು ಬಿಆರ್‌ಝಡ್ ಎಂಬ ಹೆಸರುಗಳಲ್ಲಿ ಓಡುತ್ತಿರುವುದೂ ಇದೇ ಕಾರು. ಎಲ್ಲವೂ ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ ಹುಟ್ಟಿದವು. ಅಮೆರಿಕದಲ್ಲಿ ಟೊಯೋಟಾ ಇದನ್ನು ಸಯಾನ್ ಎಂಬ ಕಿರಿಯ ಬ್ರ್ಯಾಂಡಿನ ಹೆಸರಿನಲ್ಲಿ ಮಾರಿತು. 2016ರಲ್ಲಿ ಆ ಬ್ರ್ಯಾಂಡನ್ನೇ ಮುಚ್ಚಿತು. ಹಾಗಾಗಿ ನನ್ನ ಕಾರಿನ ಮೂತಿಯ ಮೇಲಿರುವ ಲಾಂಛನಕ್ಕೆ ಈಗ ವಾರಸುದಾರರಿಲ್ಲ.

ಹೆಂಡತಿ ಒಂದು ಸುತ್ತು ಬಂದು ಒಳಗೆ ಇಣುಕಿದಳು.

"ಹಿಂದೆ ಕೂತವರು ಕಾಲನ್ನು ಎಲ್ಲಿ ಇಡಬೇಕು ರೀ?"

"ಹಿಂದೆ ಯಾರೂ ಕೂರುವುದಿಲ್ಲ."

"ಮತ್ತೆ ಸೀಟು ಯಾಕಿದೆ?"

ಆ ಸೀಟನ್ನು ಮಡಚಿದರೆ ನಾಲ್ಕು ಚಕ್ರಗಳು ಹಿಡಿಸುತ್ತವೆ, ಅದನ್ನು ಲೆಕ್ಕ ಹಾಕಿಯೇ ವಿನ್ಯಾಸ ಮಾಡಿದ್ದಾರೆ ಎಂದೆ. ಅವಳು ಉತ್ತರ ಕೊಡದೆ ಒಳಗೆ ಹೋದಳು.

ಬಾನೆಟ್ ಎತ್ತಿದರೆ ಮೊದಲು ಕಾಣುವುದು ಇಂಜಿನ್ ಎಷ್ಟು ಕೆಳಗೆ ಕೂತಿದೆ ಎಂಬುದು. ಸಾಮಾನ್ಯ ಇಂಜಿನ್ನಿನಲ್ಲಿ ಪಿಸ್ಟನ್‌ಗಳು ಒನಕೆಯ ಹಾಗೆ ಮೇಲೆ ಕೆಳಗೆ ಆಡುತ್ತವೆ. ಇಲ್ಲಿ ನಾಲ್ಕೂ ಅಡ್ಡ ಮಲಗಿವೆ, ಎರಡು ಎಡಕ್ಕೆ, ಎರಡು ಬಲಕ್ಕೆ. ಎದುರುಬದುರು ಗುದ್ದುವುದರಿಂದ ಬಾಕ್ಸರ್ ಎಂಬ ಹೆಸರು. ಮಲಗಿದ ಇಂಜಿನ್ನಿಗೆ ಎತ್ತರವಿಲ್ಲ, ಆದ್ದರಿಂದ ಇಡೀ ಕಾರಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು 460 ಮಿಲಿಮೀಟರ್‌ನಲ್ಲೇ ನಿಲ್ಲುತ್ತದೆ. 1998 ಸಿಸಿ, ಬೋರ್ (ಸಿಲಿಂಡರಿನ ಅಗಲ) 86 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ 86. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುವ ಪ್ರಮಾಣ) 12.5:1. ಟರ್ಬೊ ಇಲ್ಲ. 7,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ಸುತ್ತುವ ಸುತ್ತುಗಳು) 200 ಅಶ್ವಶಕ್ತಿ. ತೂಕ ಸುಮಾರು 1,250 ಕಿಲೊ, ಅದರಲ್ಲಿ ನೂರಕ್ಕೆ 53 ಪಾಲು ಮುಂದೆ, 47 ಪಾಲು ಹಿಂದೆ. ಎಳೆಯುವುದು ಹಿಂದಿನ ಚಕ್ರಗಳು, ಅವುಗಳ ನಡುವೆ, ಎರಡಕ್ಕೂ ಎಳೆತ ಹಂಚುವ ಟಾರ್ಸೆನ್ ಡಿಫರೆನ್ಷಿಯಲ್.

ನಿಂತಲ್ಲೇ ಓಡುವಾಗ ಇಂಜಿನ್ನಿನಿಂದ ಜೀರುಂಡೆಯ ಸದ್ದು ಬರುತ್ತದೆ. ಇದು ಈ ಇಂಜಿನ್ನಿನ ಹುಟ್ಟುಗುಣ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸಲು ಬೇಕಾದ ಅಧಿಕ ಒತ್ತಡದ ಪಂಪಿನ ದನಿ. ಕೆಲವರು ಇದನ್ನು ಅಡಗಿಸಲು ಪಂಪಿಗೆ ಹೊದಿಕೆ ಹೊದಿಸುತ್ತಾರಂತೆ. ತೀರ್ಥಹಳ್ಳಿಯಲ್ಲಿ ಬೆಳೆದವನಿಗೆ ಜೀರುಂಡೆ ದೋಷವಾಗಿ ಕೇಳಿಸಲಿಲ್ಲ.

ಏಪ್ರಿಲ್ 2, 2023. 52,600

ಇಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಆಯಿಲ್, ಎಲ್ಲ ಹೊಸದು. ಆಯಿಲ್ ಫಿಲ್ಟರ್ ಇಂಜಿನ್ನಿನ ಮೇಲ್ಭಾಗದಲ್ಲೇ ಇದೆ, ಕಾರಿನ ಕೆಳಗೆ ಮಲಗಿ ಮುಖಕ್ಕೆ ಎಣ್ಣೆ ಸುರಿಸಿಕೊಳ್ಳಬೇಕಾಗಿಲ್ಲ. ಅದನ್ನು ಅಲ್ಲಿಟ್ಟವರಿಗೆ ಒಳ್ಳೆಯದಾಗಲಿ. ಸ್ಪಾರ್ಕ್ ಪ್ಲಗ್‌ಗಳನ್ನೂ ನೋಡೋಣವೆಂದು ಬಗ್ಗಿದೆ. ಕಾಣಲಿಲ್ಲ. ಆ ವಿಷಯ ಇನ್ನೊಂದು ದಿನಕ್ಕೆ.

ಮೇ 21, 2023. 53,840

ನಾರ್ತ್ ಕ್ಯಾರೊಲಿನಾದ ರಾಲೆಯಿಂದ ಬೆಳಗಿನ ಜಾವ ಹೊರಟು ಬ್ಲೂ ರಿಡ್ಜ್ ಪಾರ್ಕ್‌ವೇ ಹತ್ತಿದೆ. ಬೆಟ್ಟದ ನೆತ್ತಿಯಲ್ಲೇ 469 ಮೈಲಿ ಸಾಗುವ ರಸ್ತೆ. ಲಾರಿಗಳಿಗೆ ಪ್ರವೇಶವಿಲ್ಲ, ವೇಗದ ಮಿತಿ ಗಂಟೆಗೆ 45 ಮೈಲಿ. ಗ್ರ್ಯಾಂಡ್‌ಫಾದರ್ ಮೌಂಟನ್ ಸುತ್ತಿನ ತಿರುವುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಮೂತಿ ಅಷ್ಟೇ ತಿರುಗುತ್ತದೆ. ಒಂದು ಬೆರಳಗಲ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಮ್ಮ ಸೊಂಟ ರಸ್ತೆಗೆ ಹತ್ತಿರ, ಕಾರಿನ ಭಾರವೂ ಅಲ್ಲೇ. ಓಲಾಟವೇ ಇಲ್ಲ.

ಆದರೆ ತಿರುವು ಮುಗಿದು ಏರು ಶುರುವಾದಾಗ ಆಕ್ಸಲರೇಟರ್ ಒತ್ತಿದರೆ ಕಾರು ಕೇಳಿಸಿಕೊಳ್ಳದವನ ಹಾಗೆ ಒಂದು ಕ್ಷಣ ಸುಮ್ಮನಿರುತ್ತದೆ. ಈ ಇಂಜಿನ್ನಿನ ಕುಖ್ಯಾತ ಟಾರ್ಕ್ (ಚಕ್ರ ತಿರುಗಿಸುವ ಬಲ) ಕುಸಿತ ಇದೇ. ಸುಮಾರು 3,200ರಿಂದ 4,500 ಆರ್‌ಪಿಎಂವರೆಗೆ ಎಳೆತ ಏರುವ ಬದಲು ಗುಂಡಿಗೆ ಬಿದ್ದಂತೆ ಇಳಿದು, ಮತ್ತೆ ಏರುತ್ತದೆ. ಗರಿಷ್ಠ ಟಾರ್ಕ್ 205 ನ್ಯೂಟನ್ ಮೀಟರ್ ಸಿಗುವುದು 6,500ರ ಆಸುಪಾಸಿನಲ್ಲಿ.

ರಾತ್ರಿ ಹೋಟೆಲಿನಲ್ಲಿ ಕಾಗದ ಪೆನ್ನು ಹಿಡಿದು ಕೂತೆ. ಮೂರನೇ ಗೇರಿನ ಅನುಪಾತ 1.541, ಕೊನೆಯ ಡಿಫರೆನ್ಷಿಯಲ್ ಅನುಪಾತ 4.1, ಟೈರಿನ ಸುತ್ತಳತೆ 1.96 ಮೀಟರ್. ಗಂಟೆಗೆ 40 ಮೈಲಿಯಲ್ಲಿ ಇಂಜಿನ್ ಸುತ್ತುವುದು 3,450 ಆರ್‌ಪಿಎಂ. 45ರಲ್ಲಿ 3,880. ಅಂದರೆ ಈ ರಸ್ತೆಯಲ್ಲಿ ಕಾನೂನು ಒಪ್ಪುವ ವೇಗದಲ್ಲಿ ಮೂರನೇ ಗೇರಿನಲ್ಲಿದ್ದರೆ ನಾನು ಇಡೀ ದಿನ ಗುಂಡಿಯೊಳಗೇ ಇದ್ದೆ! ಎರಡನೇ ಗೇರಿನಲ್ಲಿ ಅದೇ 40 ಮೈಲಿಗೆ 4,900. ಗುಂಡಿ ದಾಟಿ ಆಚೆ ದಡ.

ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಅಪ್ಪ ಮಾರುತಿ 800 ಕಲಿಸುವಾಗ ಹೇಳುತ್ತಿದ್ದುದು ಒಂದೇ ಮಾತು: "ತಿರುವಿಗೆ ಮುಂಚೆ ಎರಡಕ್ಕೆ ಹಾಕು. ತಿರುಗಿದ ಮೇಲೆ ಹುಡುಕಬೇಡ." 796 ಸಿಸಿಯ ಆ ಕಾರಿಗೆ ಅದು ಬದುಕಿನ ಪ್ರಶ್ನೆಯಾಗಿತ್ತು. ಇಷ್ಟು ದುಡ್ಡು ಸುರಿದು, ಇಷ್ಟು ದೂರ ಬಂದು, ಮತ್ತೆ ಅದೇ ಪಾಠ. ಮರುದಿನ ಹಾಗೆಯೇ ಓಡಿಸಿದೆ: ಬ್ರೇಕ್ ಒತ್ತುತ್ತಲೇ ಪಾದದ ಅಂಚಿನಿಂದ ಆಕ್ಸಲರೇಟರ್ ತಟ್ಟಿ ಎರಡಕ್ಕೆ ಇಳಿಸುವುದು. ಪೆಡಲ್‌ಗಳು ಅದಕ್ಕೆಂದೇ ಅಳೆದಿಟ್ಟಂತಿವೆ. ಬೇರೆಯೇ ಕಾರು.

ಜುಲೈ 16, 2023. 55,120

ತಪ್ಪು ಮಾಡುವ ಸರದಿ. ನಾಲ್ಕು ಹಳೆಯ 17×9 ಅಂಗುಲದ ಚಕ್ರಗಳು, 245/40 (ಅಂದರೆ 245 ಮಿಲಿಮೀಟರ್ ಅಗಲದ) ಅಂಟು ಟೈರುಗಳ ಸಮೇತ, ಅಗ್ಗಕ್ಕೆ ಸಿಕ್ಕವು. ಹಿಂದಿನ ಸೀಟು ಮಡಚಿ ನಾಲ್ಕನ್ನೂ ತಂದೆ. ಸೀಟಿಗೊಂದು ಉಪಯೋಗ ಸಿಕ್ಕಿತು ಎಂದು ತೋರಿಸಿದರೆ ಹೆಂಡತಿ ನಗಲಿಲ್ಲ.

ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಶಂಕುಗಳ ನಡುವೆ ಓಡಿಸುವ ಸ್ಪರ್ಧೆ. ಬೆಳಿಗ್ಗೆ ಹಳೆಯ ಚಕ್ರದಲ್ಲಿ 58.4 ಸೆಕೆಂಡ್, ಮಧ್ಯಾಹ್ನ ಅಗಲದ್ದನ್ನು ಹಾಕಿ 56.1. ಎರಡು ಸೆಕೆಂಡಿಗೂ ಮಿಗಿಲು! ಬೀಗುತ್ತಾ ಮನೆಗೆ ಬಂದೆ.

ಆಗಸ್ಟ್ 20, 2023. 56,300

ಒಂದು ತಿಂಗಳಿಂದ ಕಾರು ನನ್ನ ಜೊತೆ ಮಾತು ಬಿಟ್ಟಿದೆ. ಹಿಡಿತ ಹೆಚ್ಚಾಗಿದೆ, ನಿಜ. ಆದರೆ ಹಿಡಿತದ ಅಂಚು ಎಲ್ಲಿದೆಯೆಂದು ತಿಳಿಯಲು ಹೋಗಬೇಕಾದ ವೇಗ ಸಾರ್ವಜನಿಕ ರಸ್ತೆಯಲ್ಲಿ ಸಲ್ಲದು. 205 ನ್ಯೂಟನ್ ಮೀಟರ್‌ಗೆ ಅಷ್ಟು ಅಗಲದ ಟೈರನ್ನು ಅಲುಗಿಸುವ ತ್ರಾಣವಿಲ್ಲ. ಸ್ಟೀರಿಂಗ್ ಭಾರವಾಯಿತು, ಗುಂಡಿ ಇನ್ನೂ ಆಳವಾದಂತೆ ಅನ್ನಿಸತೊಡಗಿತು.

ಕಾರ್ಖಾನೆಯಿಂದ ಬರುವಾಗ ಇದಕ್ಕಿದ್ದದ್ದು 215/45ಆರ್17 ಟೈರು, ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ಗೂ ಹಾಕುತ್ತಿದ್ದಂಥದ್ದು. ಅದನ್ನು ಹಿಡಿದು ಆಡಿಕೊಂಡವರು ಬಹಳ. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ತಂಡ ಅದನ್ನು ಉಳಿತಾಯಕ್ಕಾಗಿ ಆರಿಸಲಿಲ್ಲ ಎಂಬುದು ನನಗೆ ಈಗ ತಿಳಿಯುತ್ತಿದೆ. ಹಿಡಿತ ಬಿಡುವ ಮೊದಲು ಸಣ್ಣಗೆ ಗೊಣಗಿ ತಿಳಿಸುವ ಟೈರು, ಅದಕ್ಕೆ ತಕ್ಕಷ್ಟೇ ಎಳೆತ, ಅದಕ್ಕೆ ತಕ್ಕಷ್ಟೇ ತೂಕ. ನಾನು ಮೂರರಲ್ಲಿ ಒಂದನ್ನು ಮಾತ್ರ ದೊಡ್ಡದು ಮಾಡಿ ಉಳಿದೆರಡನ್ನು ಕುಳ್ಳಾಗಿಸಿದ್ದೆ.

ಅಗಲದ ಚಕ್ರಗಳನ್ನು ಮಾರಿದೆ. ಅದೇ ಹಳೆಯ ಅಳತೆಯಲ್ಲಿ ಹೊಸ ಬೇಸಿಗೆ ಟೈರು ಹಾಕಿಸಿದೆ. ಶಂಕುಗಳ ಆಟದಲ್ಲಿ ಈಗ 57ರ ಮೇಲೇ ನಿಲ್ಲುತ್ತೇನೆ.

ಸೆಪ್ಟೆಂಬರ್ 9, 2023. 56,790

ಇಡೀ ವರ್ಷದಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಫಲ ಕೊಟ್ಟ ಕೆಲಸ: ಮುಂದಿನ ಚಕ್ರಗಳ ಎರಡು ಬೋಲ್ಟ್. ಮುಂದಿನ ಮ್ಯಾಕ್‌ಫರ್ಸನ್ ಸಸ್ಪೆನ್ಷನ್ನಿಗೆ ಒಂದು ಚಾಳಿಯಿದೆ. ಕಾರು ವಾಲಿದಾಗ ಹೊರಗಿನ ಚಕ್ರವೂ ಜೊತೆಗೆ ವಾಲಿ, ಟೈರಿನ ಹೊರ ಅಂಚಿನ ಮೇಲೆ ಭಾರ ಬೀಳುತ್ತದೆ. ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ಬಾಗಿಸಿದ್ದರೆ ತಿರುವಿನಲ್ಲಿ ಅದು ಸಪಾಟಾಗಿ ಕೂರುತ್ತದೆ. ಕಾರ್ಖಾನೆಯವರು ಹಿಂದಿನ ಚಕ್ರಗಳಿಗೆ ಈ ಬಾಗು ಕೊಟ್ಟಿದ್ದಾರೆ, ಮುಂದಿನವಕ್ಕೆ ಹೆಚ್ಚುಕಡಿಮೆ ಸೊನ್ನೆ. ಮೂಲ ಬೋಲ್ಟ್ ತೆಗೆದು ಸಣ್ಣ ವ್ಯಾಸದ್ದನ್ನು ಹಾಕಿದರೆ ಸಿಗುವ ಸಡಿಲದಲ್ಲಿ ಚಕ್ರವನ್ನು ಒಳಕ್ಕೆ ತಳ್ಳಬಹುದು. ಎಡಕ್ಕೆ 1.4 ಡಿಗ್ರಿ, ಬಲಕ್ಕೆ 1.3 ಬಂತು.

ಅಲೈನ್‌ಮೆಂಟ್ ಅಂಗಡಿಯ ಹುಡುಗ ಪರದೆಯ ಮೇಲಿನ ಕೆಂಪು ಅಂಕಿಗಳನ್ನು ತೋರಿಸಿ, "ಇದನ್ನು ಹಸಿರು ಮಾಡಿಕೊಡಲೇ?" ಎಂದು ಕೇಳಿದ. ಬೇಡ, ಕೆಂಪೇ ಇರಲಿ ಎಂದೆ. ತಿರುವಿನ ಬಾಗಿಲಲ್ಲಿ ಮೂತಿ ಹೊರಕ್ಕೆ ಜಾರುತ್ತಿದ್ದುದು ನಿಂತಿತು.

ನವೆಂಬರ್ 12, 2023. 58,050

ಗ್ಯಾರೇಜಿನ ಮೂಲೆಯ ದೊಡ್ಡ ಡಬ್ಬಿಯ ಬಗ್ಗೆ ಬರೆಯದಿದ್ದರೆ ದಿನಚರಿ ಪ್ರಾಮಾಣಿಕವಾಗದು. ಗುಂಡಿ ಮುಚ್ಚಲೆಂದು ಜೂನ್‌ನಲ್ಲೇ ಒಂದು ಎಕ್ಸಾಸ್ಟ್ ಹೆಡರ್ (ಇಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಗುಚ್ಛ) ಕೊಂಡಿದ್ದೆ. ಅದನ್ನು ಹಾಕಿ ಇಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸಿದರೆ ಕುಸಿತ ಬಹುಪಾಲು ತುಂಬುತ್ತದೆ, ಮಾಡಿಸಿದವರ ಕಾರು ಓಡಿಸಿ ನೋಡಿದ್ದೇನೆ. ಆದರೆ ಮೂಲ ಹೆಡರಿನೊಳಗೇ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದನ್ನು ತೆಗೆದು ರಸ್ತೆಯಲ್ಲಿ ಓಡಿಸುವುದನ್ನು ಇಲ್ಲಿನ ಫೆಡರಲ್ ಕಾನೂನು ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಯೋಚಿಸಬೇಕಿತ್ತು.

ಟೊಯೋಟಾ ತಾನೇ ಈ ಗುಂಡಿಗೆ ಎರಡು ಸಲ ಉತ್ತರ ಕೊಟ್ಟಿದೆ. 2017ರ ಮ್ಯಾನ್ಯುಯಲ್ ಕಾರಿಗೆ ಡಿಫರೆನ್ಷಿಯಲ್ ಅನುಪಾತವನ್ನು 4.3ಕ್ಕೆ ಏರಿಸಿತು. ಇದರ ಮುಂದಿನ ಪೀಳಿಗೆಯಾದ 2022ರ ಜಿಆರ್86ಕ್ಕೆ 2.4 ಲೀಟರ್ ಇಂಜಿನ್ ಕೊಟ್ಟಿತು. ಅದರ ಗರಿಷ್ಠ ಟಾರ್ಕ್ ಸಿಗುವುದು 3,700 ಆರ್‌ಪಿಎಂನಲ್ಲಿ. ನನ್ನ ಕಾರಿನ ಗುಂಡಿ ಇರುವ ಜಾಗದಲ್ಲೇ ಅದಕ್ಕೆ ಶಿಖರ. ಅದನ್ನೂ ಒಮ್ಮೆ ಓಡಿಸಿದೆ. ಎಲ್ಲ ವಿಧದಲ್ಲೂ ಮೇಲು. ಮೂರನೇ ಗೇರಿನಲ್ಲೇ ಬೆಟ್ಟ ಹತ್ತಿಬಿಟ್ಟೆ, ಎಡಗಾಲಿಗೆ ಕೆಲಸವೇ ಇರಲಿಲ್ಲ. ಕಾಲು ಬೇಜಾರು ಮಾಡಿಕೊಂಡಿತು.

ಡಬ್ಬಿಯ ಮೇಲೆ ಈಗ ತುಳಸಿ ಕುಂಡ ಕೂತಿದೆ. ಚಳಿಗಾಲ ಮುಗಿಯುವವರೆಗೆ ಅದನ್ನು ಕದಲಿಸುವಂತಿಲ್ಲ ಎಂದು ಆಜ್ಞೆಯಾಗಿದೆ.

ಫೆಬ್ರುವರಿ 24, 2024. 60,010

ಅರವತ್ತು ಸಾವಿರ ಮೈಲಿ ಆಯಿತು, ಸ್ಪಾರ್ಕ್ ಪ್ಲಗ್ ಬದಲಿಸಬೇಕು. ಪಿಸ್ಟನ್‌ಗಳು ಅಡ್ಡ ಮಲಗಿದ ಮೇಲೆ ಪ್ಲಗ್‌ಗಳು ಎಲ್ಲಿರುತ್ತವೆ? ಇಂಜಿನ್ನಿನ ಎರಡು ಪಕ್ಕೆಗಳಲ್ಲಿ, ಚಾಸಿಯ ಉಕ್ಕಿನ ತೊಲೆಗೆ ಎದುರಾಗಿ. ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಹೊರಗೆಳೆದರೆ ತೊಲೆಗೆ ಬಡಿಯುತ್ತದೆ. ಗುರುತ್ವ ಕೇಂದ್ರ ಕೆಳಗಿಳಿಸಿದ್ದಕ್ಕೆ ತೆರಬೇಕಾದ ಬೆಲೆ ಇದು.

ಬ್ಯಾಟರಿ, ಏರ್ ಫಿಲ್ಟರ್ ಡಬ್ಬಿ ಎರಡನ್ನೂ ತೆಗೆದಿಟ್ಟೆ. ಕೆಳಗಿನಿಂದ ಇಂಜಿನ್ ಮೌಂಟ್‌ಗಳ ನಟ್ ಸಡಿಲಿಸಿ, ಜಾಕ್‌ಗೆ ಮರದ ತುಂಡು ಕೊಟ್ಟು, ಇಂಜಿನ್ನನ್ನೇ ಒಂದು ಅಂಗುಲ ಮೇಲೆತ್ತಿದೆ. ರಾಚೆಟ್‌ಗೆ ಗಿಡ್ಡ ಎಕ್ಸ್‌ಟೆನ್ಷನ್, ಸಾಕೆಟ್, ಮತ್ತೆ ಎಕ್ಸ್‌ಟೆನ್ಷನ್, ಒಂದೊಂದನ್ನೂ ಒಳಗೇ ಜೋಡಿಸಬೇಕು. ಮೊದಲ ಮೂರು ಪ್ಲಗ್‌ಗಳಿಗೆ ನಾಲ್ಕು ಗಂಟೆ ಹಿಡಿಯಿತು. ನಾಲ್ಕನೆಯದರ ಕನೆಕ್ಟರಿಗೆ ನನ್ನ ಕೈ ತೂರಲೇ ಇಲ್ಲ. ಟಾರ್ಚ್ ಹಿಡಿದು ನಿಂತಿದ್ದವಳು, "ಸರೀರಿ ಅತ್ತ" ಎಂದು ಬಳೆ ತೆಗೆದಿಟ್ಟು ಕೈ ಹಾಕಿದಳು. ಟಕ್ ಎಂದಿತು.

ಹಳೆಯ ನಾಲ್ಕೂ ಪ್ಲಗ್‌ಗಳ ತುದಿ ಒಂದೇ ಥರದ ತಿಳಿಕಂದು. ಇಂಜಿನ್ ಆರೋಗ್ಯವಾಗಿದೆ.

ಸಂಜೆ ಪರೀಕ್ಷೆಗೆ ಹೊರಟಾಗ ಕೀಲಿ ಅವಳ ಕೈಯಲ್ಲಿತ್ತು. ಅವಳೂ ಊರಿನಲ್ಲಿ ಗೇರಿನ ಕಾರಿನಲ್ಲೇ ಕಲಿತವಳು. ಬಡಾವಣೆ ದಾಟಿ, ಕೆರೆ ಪಕ್ಕದ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದಳು. ಕಾರು ಒಂದು ಕ್ಷಣ ಸುಮ್ಮನಾಯಿತು.

"ಒಂದು ಪ್ಲಗ್ ಸರಿಯಾಗಿ ಕೂರಿಸಿಲ್ಲ ನೀವು."

"ಎರಡಕ್ಕೆ ಇಳಿಸು" ಎಂದೆ.