ಕೃತಕ ಜೌಗಿಗೆ ಬಂದ ಬೆಳ್ಳಿ ಕಣ: ಜುಲೈ ನೀರನ್ನು ಅಳೆಯದೆ ಲೆಕ್ಕ ಮುಗಿಸಬೇಡಿ

ತೀರ್ಥಹಳ್ಳಿ, ಹೊಸನಗರ ಕಡೆಯ ಹೋಂಸ್ಟೇ, ಹಾಸ್ಟೆಲ್‌ಗಳ ಕೊಳಚೆ ನೀರಿಗೆ ಜಲ್ಲಿ ಹಾಸಿನ ಕೃತಕ ಜೌಗು ಚೆನ್ನಾಗಿ ಒಗ್ಗುತ್ತದೆ. ಸೆಪ್ಟಿಕ್ ಟ್ಯಾಂಕ್ ದಾಟಿದ ನೀರು 60 ಸೆಂ.ಮೀ. ಆಳದ ಜಲ್ಲಿಯೊಳಗೇ ಹರಿಯುತ್ತದೆ. ಕಾಬಾಳೆ, ಜೊಂಡಿನ ಬೇರು ಮತ್ತು ಕಲ್ಲಿಗೆ ಹತ್ತಿದ ಬ್ಯಾಕ್ಟೀರಿಯಾದ ಲೋಳೆ ಅದನ್ನು ತಿಳಿಗೊಳಿಸುತ್ತವೆ. ಬೆವರು ವಾಸನೆ ತಡೆಯುವ ಬಟ್ಟೆಗಳಿಂದ ಬೆಳ್ಳಿಯ ನ್ಯಾನೋ (ಅತಿ ಸೂಕ್ಷ್ಮ) ಕಣ, ಸನ್‌ಸ್ಕ್ರೀನಿನಿಂದ ಸತು ಮತ್ತು ಟೈಟಾನಿಯಂ ಆಕ್ಸೈಡ್ ಕಣ ಬರುವುದೂ ಇದೇ ನೀರಲ್ಲಿ.

ಬೆಳ್ಳಿ ಕರಗಿ ಅಯಾನು ಬಿಟ್ಟರೆ ಮೊದಲು ಪೆಟ್ಟು ತಿನ್ನುವುದು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ. ಆದರೆ ಸೆಪ್ಟಿಕ್ ಟ್ಯಾಂಕಿನ ಸಲ್ಫೈಡ್ ಸೇರಿದಾಗ ಬೆಳ್ಳಿ ಬಹುಮಟ್ಟಿಗೆ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದು ಸುಲಭಕ್ಕೆ ಕರಗದು, ವಿಷವೂ ಕಡಿಮೆ. ಹಾಗಾಗಿ ಹೊರನೀರಲ್ಲಿ ಅಮೋನಿಯಾ ಏರಿದ ಕೂಡಲೇ ಬೆಳ್ಳಿಯನ್ನು ದೂರಬೇಡಿ, ಮೊದಲು ಕ್ಷಾರೀಯತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ನೋಡಿ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, 7.1 ಗ್ರಾಂ ಕ್ಷಾರೀಯತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚಾಗುತ್ತದೆ. ಲೀಟರಿಗೆ 20 ಮಿ.ಗ್ರಾಂ ಅಮೋನಿಯಾ ಸಾರಜನಕ ಇದ್ದರೆ 140ಕ್ಕೂ ಹೆಚ್ಚು ಮಿ.ಗ್ರಾಂ ಕ್ಷಾರೀಯತೆ ಬೇಕು. ಮಲೆನಾಡಿನ ಮೆದು ನೀರಲ್ಲಿ ಅಷ್ಟು ಸಿಗದೆ ಪಿಎಚ್ ಇಳಿದು ಕೆಲಸ ನಿಲ್ಲುವುದುಂಟು.

ಇನ್ನು ಸಾವಯವ ವಸ್ತು. ದರಗು (ಒಣ ಎಲೆ) ಕೊಳೆತ ನೀರಿನ ಹ್ಯೂಮಿಕ್ ಆಮ್ಲವಾಗಲಿ, ಅಡಿಕೆ ಬೇಯಿಸಿದ ಹಂಡೆ ತೊಳೆದ ನೀರಿನ ಟ್ಯಾನಿನ್ ಆಗಲಿ, ಮಾಡುವುದು ಎರಡು ಕೆಲಸ. ಬೆಳ್ಳಿ ಅಯಾನನ್ನು ಹಿಡಿದಿಟ್ಟು ವಿಷ ತಗ್ಗಿಸುತ್ತದೆ. ಜೊತೆಗೆ ಕಣದ ಮೈಗೆ ಋಣ ವಿದ್ಯುದಂಶದ ಹೊದಿಕೆ ಹಾಕಿ, ಕಣಗಳು ಒಂದಕ್ಕೊಂದು ಅಂಟದಂತೆ, ಕಲ್ಲಿಗೂ ಕೂರದಂತೆ ಮಾಡುತ್ತದೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಹೊದಿಕೆ ಹೊತ್ತ ಕಣಗಳೂ ಗುಂಪಾಗಿ ಕೆಳಗಿಳಿದಾವು. ನಮ್ಮ ನೀರಲ್ಲಿ ಅದೇ ಕಮ್ಮಿ. ಬ್ಯಾಕ್ಟೀರಿಯಾ ಆರೋಗ್ಯವಾಗಿದ್ದರೂ ಕಣ ಹೊಳೆ ಸೇರುವುದು ಹೀಗೆ. ಅಡಿಕೆ ಬೇಯಿಸಿದ ಚೊಗರಿನ ನೀರನ್ನಂತೂ ಜಲ್ಲಿ ಹಾಸಿನೊಳಗೆ ಬಿಡಲೇಬೇಡಿ, ಅದರ ಹೊರೆಗೇ ಆಮ್ಲಜನಕ ಮುಗಿದುಹೋಗುತ್ತದೆ.

ಮಳೆಗಾಲದಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. 100 ಚದರ ಮೀಟರ್ ಹಾಸಿನ ಜಲ್ಲಿ ಸಂದಿಯಲ್ಲಿ ಶೇ. 40 ಜಾಗ ಅಂದರೆ 24 ಘನ ಮೀಟರ್ ನೀರು. ದಿನಕ್ಕೆ 10 ಘನ ಮೀಟರ್ ಬಂದರೆ 2.4 ದಿನ ನಿಲ್ಲುತ್ತದೆ. ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ ಇನ್ನೊಂದು 10 ಘನ ಮೀಟರ್ ಸೇರಿ, ನಿಲ್ಲುವ ಸಮಯ 1.2 ದಿನಕ್ಕೆ ಇಳಿಯುತ್ತದೆ. ಮಳೆನೀರು ಲವಣಾಂಶವನ್ನು ತೆಳುಮಾಡುವುದರಿಂದ, ಬೇಸಿಗೆಯಲ್ಲಿ ಕಲ್ಲಿಗೆ ಕೂತ ಕಣಗಳೂ ಬಿಡಿಸಿಕೊಂಡು ಹೊರಡುತ್ತವೆ. ಏಪ್ರಿಲಿನ ಒಂದೇ ಮಾದರಿ ನೋಡಿ ನಿಟ್ಟುಸಿರು ಬಿಡಬಾರದು ಎನ್ನುವುದು ಇದಕ್ಕೇ. ಸುತ್ತ 20 ಸೆಂ.ಮೀ. ಎತ್ತರದ ಕಟ್ಟೆ, ಗುಡ್ಡದ ಕಡೆ ಅಗಳು (ಕಾಲುವೆ) ಇದ್ದರೆ ಹೊರಗಿನ ನೀರಾದರೂ ತಪ್ಪುತ್ತದೆ.

ಅಳತೆಯಲ್ಲಿ ದೊಡ್ಡ ತಪ್ಪು 0.45 ಮೈಕ್ರಾನ್ ಶೋಧಕದ್ದು. ಅದರ ರಂಧ್ರ 450 ನ್ಯಾನೋಮೀಟರ್, ಕಣ 100ಕ್ಕಿಂತ ಚಿಕ್ಕದು. ಸೋಸಿ ಬಂದದ್ದನ್ನೆಲ್ಲ "ಕರಗಿದ ಲೋಹ" ಎಂದು ಬರೆದರೆ ಕಣವೂ ಅದರಲ್ಲೇ ಅಡಗುತ್ತದೆ. ಸೋಸದ ನೀರು, 0.45ರಲ್ಲಿ ಸೋಸಿದ್ದು, ಕಣವನ್ನೂ ತಡೆಯುವಷ್ಟು ಸಣ್ಣ ರಂಧ್ರದ 3 ಕಿಲೋಡಾಲ್ಟನ್ ಪೊರೆ ದಾಟಿದ್ದು, ಮೂರನ್ನೂ ಲೋಹ ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ಕೊಡಿ. ಕೊನೆಯ ಎರಡರ ವ್ಯತ್ಯಾಸವೇ ಕಣ ಮತ್ತು ಸಾವಯವಕ್ಕೆ ಹತ್ತಿದ ಲೋಹ. ಸೋಸುವ ಮೊದಲೇ ಆಮ್ಲ ಹಾಕಿದರೆ ಕಣ ಕರಗಿ ಲೆಕ್ಕವೆಲ್ಲ ಕೆಡುತ್ತದೆ.

ಜಲ್ಲಿ ಹಾಸಿನಲ್ಲಿ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಚೂರು ಹಾಕುವುದು ಒಳ್ಳೆಯ ಉಪಾಯವೇ. ಅದರ ಕಬ್ಬಿಣದ ಆಕ್ಸೈಡ್ ಋಣ ಹೊದಿಕೆಯ ಕಣವನ್ನೂ ರಂಜಕವನ್ನೂ ಎಳೆದುಕೊಳ್ಳುತ್ತದೆ. ಆದರೆ ಗಾಳಿಯಾಡದ ಕಡೆ ಹಾಕಿದರೆ ಕಬ್ಬಿಣ ಕರಗಿ, ಹಿಡಿದದ್ದನ್ನು ಮತ್ತೆ ಬಿಡುತ್ತದೆ. ಗಟ್ಟಿ ಚೂರನ್ನೇ ಆರಿಸಿ, ತೊಳೆದು, ಗಾಳಿಯಾಡುವ ಹೊರತುದಿಯಲ್ಲಿ ಹಾಕಿ. ಮೆದುವಾದದ್ದು ಪುಡಿಯಾಗಿ ಸಂದಿ ಮುಚ್ಚುತ್ತದೆ. ಹ್ಯೂಮಿಕ್ ಆಮ್ಲವೇ ಅದರ ಮೈಯೆಲ್ಲ ತುಂಬಿಕೊಂಡಾಗ ಚೂರು ಬದಲಿಸಬೇಕು.

ಕಾಬಾಳೆ ಕೊಯ್ದರೆ ಬೆಳ್ಳಿ ಹೋಗುವುದಿಲ್ಲ, ಬಹುಪಾಲು ಲೋಳೆಯಲ್ಲೂ ಕೆಸರಲ್ಲೂ ಇರುತ್ತದೆ. ಒಳಬಾಯಿಯ ಜಲ್ಲಿ ಕಟ್ಟಿಕೊಂಡಾಗ ತೋಡಿ ತೆಗೆದ ಕೆಸರನ್ನು, ಲೋಹದ ಪರೀಕ್ಷೆ ಆಗುವವರೆಗೆ, ಅಡಿಕೆ ತೋಟದ ಬುಡಕ್ಕೆ ಹಾಕಬೇಡಿ.